ಸೆರಗಿನ ಮೂರನೆಯ ಎಳೆ

ನಮ್ಮ ಊರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಕತ್ತಲಾಗುತ್ತದೆ. ಒಂದೂವರೆ ಗಂಟೆ ಹೊತ್ತು ಇರುತ್ತದೆ, ಆಮೇಲೆ ಹೋಗುತ್ತದೆ. ಹೊರಗಿನಿಂದ ಬಂದವರಿಗೆ ನಾನು ಇಷ್ಟೇ ಹೇಳುತ್ತೇನೆ. ಇದಕ್ಕಿಂತ ಹೆಚ್ಚು ಹೇಳಲು ಹೋದರೆ ಗೊತ್ತಿಲ್ಲದ್ದನ್ನು ಹೇಳಿದಂತಾಗುತ್ತದೆ. ಕ್ಷೌರದಂಗಡಿಯ ಮಹಾಲಿಂಗ ಒಂದು ಗಂಟೆ ದಾಟಿದ ಮೇಲೆ ಯಾರ ಕೆನ್ನೆಗೂ ಸಾಬೂನು ಹಚ್ಚುವುದಿಲ್ಲ. ಬಸ್ಸು ಊರ ಹೊರಗೆ ಬೇವಿನ ಮರದ ಕೆಳಗೆ ನಿಂತುಬಿಡುತ್ತದೆ, ಕಂಡಕ್ಟರ್ ಮುಖದ ಮೇಲೆ ಟವೆಲ್ ಹಾಕಿಕೊಂಡು ಸೀಟಿನಲ್ಲೇ ಮಲಗುತ್ತಾನೆ. ಹಿಂದೆಲ್ಲ ಕೋಳಿಗಳು ದಿನಕ್ಕೆರಡು ಸಲ ಕೂಗುತ್ತಿದ್ದವಂತೆ, ಈಗ ಅವೂ ಬಿಟ್ಟಿವೆ. ಪರ ಊರಿನಿಂದ ಬಂದ ಹೊಸ ಸೊಸೆಯಂದಿರು ಮಾತ್ರ ಮೊದಲ ವರ್ಷ ಕತ್ತಲು ಕರಗುವಾಗ ನಿದ್ದೆಗಣ್ಣಲ್ಲಿ ಎದ್ದು ಅಂಗಳ ಗುಡಿಸಿ ರಂಗೋಲಿ ಹಾಕಿಬಿಡುತ್ತಾರೆ. ಅತ್ತೆಯರು ಆ ಕಥೆಯನ್ನು ಮೊಮ್ಮಕ್ಕಳ ಮದುವೆಯವರೆಗೂ ಹೇಳುತ್ತಾರೆ.

ಆ ಹೊತ್ತಿನಲ್ಲಿ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಯಾರೂ ದೀಪ ಹಚ್ಚುವುದಿಲ್ಲ. ಎಲ್ಲಿಯೂ ಬರೆದಿಟ್ಟ ಕಾನೂನಲ್ಲ, ಆದರೆ ಹಚ್ಚಿದವರನ್ನು ನಾನು ನೋಡಿಲ್ಲ. ಓಡಾಡಲೇಬೇಕಾದವರು ಒಂದು ಕೈಯನ್ನು ಗೋಡೆಯ ಮೇಲಿಟ್ಟುಕೊಂಡು ನಡೆಯುತ್ತಾರೆ. ಆದ್ದರಿಂದ ನಮ್ಮ ಓಣಿಗಳಲ್ಲಿ ಪ್ರತಿ ಮನೆಯ ಗೋಡೆಗೂ ಸೊಂಟದ ಎತ್ತರದಲ್ಲಿ ಒಂದು ಗೇಣು ಅಗಲದ ನುಣುಪು ಪಟ್ಟಿ ಇದೆ, ಎಣ್ಣೆ ಹಚ್ಚಿದ ಹಾಗೆ. ಮೂರು ವರ್ಷ ಪರ ಊರಿನ ಕಾಲೇಜಿನಲ್ಲಿದ್ದಾಗ ನನಗೆ ಅಲ್ಲಿನ ಗೋಡೆಗಳು ಒರಟೆನಿಸುತ್ತಿದ್ದವು. ಮಧ್ಯಾಹ್ನ ಎರಡು ಗಂಟೆಗೆ ನೆತ್ತಿಯ ಮೇಲೆ ಬಿಸಿಲು ಇರುವುದನ್ನು ಕೊನೆಯವರೆಗೂ ಒಪ್ಪಿಕೊಳ್ಳಲಾಗಲಿಲ್ಲ. ಏನೋ ತಪ್ಪಾಗಿದೆ, ಯಾರೂ ಹೇಳುತ್ತಿಲ್ಲ ಎಂಬ ದಿಗಿಲಿನಲ್ಲೇ ಪ್ರಯೋಗಾಲಯದಲ್ಲಿ ನಿಂತಿರುತ್ತಿದ್ದೆ. ಓದು ಮುಗಿದ ಮೇಲೆ ಊರಿಗೆ ಬಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಹತ್ತೊಂಬತ್ತು ವರ್ಷವಾಯಿತು.

ನೀಹಾರಿಕೆ ಎಂಬ ಶಬ್ದವನ್ನು ನಾನು ಕಲಿತದ್ದು ಆ ಕಾಲೇಜಿನಲ್ಲಿ. ಊರಿನಲ್ಲಿ ಅದಕ್ಕೆ ಹಬೆ ಎನ್ನುತ್ತಾರೆ. ಶಾಲೆಯ ಹಿಂದಿನ ಬಯಲಿನಲ್ಲಿ ಹಬೆ ನೋಡುವ ಕೊಳವಿ ಇದೆ. ತೇಗದ ಕೋಲುಗಳ ಚೌಕಟ್ಟು, ಸುತ್ತ ಕರಿ ಬಟ್ಟೆ, ತಳದಲ್ಲಿ ಇಪ್ಪತ್ತೆಂಟು ಇಂಚಿನ ಕನ್ನಡಿ. ಕಣ್ಣಿಡುವ ಗಾಜು ಮೇಲ್ತುದಿಯಲ್ಲಿರುವುದರಿಂದ ನೆತ್ತಿಯ ಕಡೆ ನೋಡಬೇಕಾದಾಗ ಹದಿನಾಲ್ಕು ಮೆಟ್ಟಿಲಿನ ಏಣಿ ಹತ್ತಬೇಕು. ಆ ಕನ್ನಡಿಯನ್ನು ಉಜ್ಜಿದವರು ಮುರಿಗೆವ್ವ ಅಕ್ಕೋರು. ನಮಗೆಲ್ಲ ಚಿತ್ರ ಕಲಿಸಿದವರು. ಪಾಠ ಹೇಳುವ ಹೆಂಗಸರನ್ನೆಲ್ಲ ನಮ್ಮಲ್ಲಿ ಅಕ್ಕೋರು ಎನ್ನುತ್ತಾರೆ. ಒಂದು ಕಬ್ಬಿಣದ ಪೀಪಾಯಿಯ ಮೇಲೆ ಗಾಜಿಟ್ಟು, ಅದರ ಸುತ್ತ ನಡೆಯುತ್ತ ನಡೆಯುತ್ತ ಎರಡೂವರೆ ವರ್ಷ ಉಜ್ಜಿದರಂತೆ. ಚೌಕಟ್ಟು ಕಟ್ಟಿದವನು ಬಡಿಗ ದಸ್ತಗೀರ ಮಾವ. ಇವತ್ತಿಗೂ ಕೊಳವಿ ತಿರುಗಿಸುವವನು, ಏಣಿ ಹಿಡಿಯುವವನು ಅವನೇ.

ಹಬೆಯನ್ನು ನೆಟ್ಟಗೆ ನೋಡಿದರೆ ಕಾಣುವುದಿಲ್ಲ. ಕಣ್ಣಿನ ನಡುಭಾಗ ಅಕ್ಷರ ಓದುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ. ಮಂದ ಬೆಳಕು ತಾಗುವುದು ಕಣ್ಣಿನ ಅಂಚಿಗೆ. ಪಕ್ಕದ ಒಂದು ನಕ್ಷತ್ರವನ್ನು ನೋಡುತ್ತ, ಗಮನವನ್ನು ಮಾತ್ರ ಈಚೆಗೆ ಇಟ್ಟುಕೊಂಡಿರಬೇಕು. ಕೊಳವಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಅಲುಗಿದ್ದು ಕಾಣುತ್ತದೆ, ಸುಮ್ಮನೆ ನಿಂತದ್ದು ಕಾಣುವುದಿಲ್ಲ. ನೋಡುವವರು ಹನ್ನೆರಡು ಗಂಟೆಗೇ ಕಣ್ಣಿಗೆ ಕರಿ ವಸ್ತ್ರ ಕಟ್ಟಿಕೊಂಡು ಕುಳಿತಿರುತ್ತಾರೆ, ಕತ್ತಲು ಬಂದಾಗ ಕಣ್ಣು ಹದವಾಗಿರಲಿ ಎಂದು. ನಾನು ಹತ್ತೊಂಬತ್ತು ವರ್ಷಗಳಿಂದ ಮಧ್ಯಾಹ್ನದ ಊಟವನ್ನು ಹಾಗೆಯೇ ಮಾಡಿದ್ದೇನೆ. ಪಲ್ಯ ಯಾವುದೆಂದು ನಾಲಿಗೆಗೆ ತಾಗಿದ ಮೇಲೆಯೇ ಗೊತ್ತಾಗುವುದು.

ನಮ್ಮಲ್ಲಿ ಕಂಡದ್ದನ್ನು ಹೇಳುವ ಹಾಗಿಲ್ಲ, ಬರೆಯಬೇಕು. ಏಣಿ ಇಳಿದವರಿಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ದೊಡ್ಡ ನಕ್ಷತ್ರಗಳ ಚುಕ್ಕಿ ಮಾತ್ರ ಇರುತ್ತದೆ, ರಂಗೋಲಿಗೆ ಇಟ್ಟ ಹಾಗೆ. ಕೆಂಪು ಗಾಜಿನ ಬುಡ್ಡಿಯ ಮಿಣುಕಿನಲ್ಲಿ, ಬಾಯಿ ಬಿಡದೆ, ತಾವು ಕಂಡದ್ದನ್ನು ಪೆನ್ಸಿಲ್ಲಿನಿಂದ ಬರೆಯಬೇಕು. ಒಬ್ಬರೇ ಕಂಡದ್ದನ್ನು ಗೋಡೆಗೆ ಏರಿಸುವುದಿಲ್ಲ. ಆ ಒಂಟಿ ಹಾಳೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಬರೆದವರೇ ಇಟ್ಟುಕೊಳ್ಳುತ್ತಾರೆ. ಅವರೂ ಮತ್ತೆ ಬಿಚ್ಚಿ ನೋಡುವುದಿಲ್ಲ. ಮುಂದೆ ಎಂದಾದರೂ ಅದನ್ನು ನೋಡದ ಇನ್ನೊಬ್ಬರು ಅದೇ ಜಾಗದಲ್ಲಿ ಗೆರೆ ಬರೆದುಕೊಟ್ಟರೆ, ಈರಭದ್ರಪ್ಪನವರು ಮಾತ್ರ ಚೀಲ ಬಿಚ್ಚಿ ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಅವರು ಚಾವಡಿಯ ಗೋಡೆ ಕಾಯುವವರು, ಆ ಕೆಲಸದಲ್ಲಿರುವವರೆಗೆ ಕೊಳವಿ ಏರುವ ಹಾಗಿಲ್ಲ. ಗೆರೆಗಳು ಕೂಡಿದರೆ ಚಾವಡಿಯ ಕರಿ ಗೋಡೆಗೆ ಸುಣ್ಣದಲ್ಲಿ ಏರುತ್ತದೆ. ಮೊದಲು ಕಂಡವರು ಕಣ್ಣು ಬಿಟ್ಟುಕೊಡುವ, ಅಂದರೆ ಇನ್ನು ಕೊಳವಿ ಏರುವುದಿಲ್ಲ ಎಂದು ಹೇಳುವ ದಿನದವರೆಗೂ ಎರಡನೆಯ ಕಣ್ಣು ಸಿಗದಿದ್ದರೆ ಒಂಟಿ ಹಾಳೆ ಒಲೆಗೆ ಹೋಗುತ್ತದೆ, ಬಿಚ್ಚದೆ.

ಇದು ಕಠಿಣ ಎಂದು ಕೆಲವರಿಗೆ ಅನಿಸುತ್ತದೆ. ಹಿಂದೆ ಯಾರೋ ಒಬ್ಬರು ಒಂದು ಹಬೆಯೊಳಗೆ ಕುದುರೆ ಕಂಡಿತೆಂದು ಬಾಯಿಬಿಟ್ಟರಂತೆ. ಮುಂದೆ ನಲವತ್ತು ವರ್ಷ ಊರಿನವರೆಲ್ಲ ಕುದುರೆಯನ್ನೇ ಕಂಡರು. ಅಕ್ಕೋರ ದೊಡ್ಡ ಕನ್ನಡಿ ಬಂದ ಮೇಲೆ ನೋಡಿದರೆ ಅಲ್ಲಿ ಕುದುರೆಯೂ ಇಲ್ಲ, ಬಾಲವೂ ಇಲ್ಲ. ಗೋಡೆಯನ್ನು ಎಷ್ಟು ತಿಕ್ಕಿದರೂ ಮಳೆಗಾಲದಲ್ಲಿ ಒಂದು ಗೊರಸು ಇನ್ನೂ ಕಾಣುತ್ತದೆ.

ಸಂಕ್ರಾಂತಿಯ ನಂತರ ಹದಿನೇಳು ದಿನ ನಮ್ಮ ಕತ್ತಲಿನಲ್ಲಿ ಸೆರಗು ಎಂಬ ಹಬೆ ನೆತ್ತಿಗೆ ಬರುತ್ತದೆ. ಬೇರೆ ಊರಿನವರು ಅದನ್ನು ಮಳೆಗಾಲದ ರಾತ್ರಿಗಳಲ್ಲಿ, ಮೋಡದ ಸಂದಿನಲ್ಲಿ ಹುಡುಕುತ್ತಾರೆ. ನಾವು ಚಳಿಗಾಲದ ತಿಳಿ ಆಕಾಶದಲ್ಲಿ, ಊಟ ಮುಗಿಸಿ ನೋಡುತ್ತೇವೆ. ಎಂದೋ ಸಿಡಿದು ಸತ್ತ ನಕ್ಷತ್ರವೊಂದು ಬಿಟ್ಟುಹೋದದ್ದು ಅದು, ಇನ್ನೂ ಹರಡುತ್ತಲೇ ಇದೆ. ಎದುರುಬದುರು ಬಾಗಿದ ಎರಡು ಎಳೆಗಳು, ಹರಿದ ಸೀರೆಯ ಎರಡು ತುಂಡುಗಳ ಹಾಗೆ. ಅವು ಅಜ್ಜಂದಿರ ಕಾಲದಿಂದಲೂ ಗೋಡೆಯ ಮೇಲಿವೆ. ಮುವ್ವತ್ತೊಂದು ವರ್ಷದ ಹಿಂದೆ ಮುರಿಗೆವ್ವ ಅಕ್ಕೋರು ಆ ಎರಡರ ನಡುವೆ ಮೂರನೆಯದೊಂದನ್ನು ಕಂಡರು. ಆಮೇಲೆ ಹನ್ನೊಂದು ಜನ ಹಾಳೆ ಬರೆದುಕೊಟ್ಟರು. ಒಂದೂ ಕೂಡಲಿಲ್ಲ.

ಈ ವರ್ಷ ಅಕ್ಕೋರಿಗೆ ಎಪ್ಪತ್ತನಾಲ್ಕು. ಎರಡು ವರ್ಷಗಳಿಂದ ಅವರ ಕಣ್ಣಿನ ನಡುಭಾಗ ಹೋಗುತ್ತಾ ಬಂದಿತ್ತು. ಡಾಕ್ಟರು ಕಣ್ಣಿನ ಹಿಂದಿನ ಪರದೆ ಸವೆದಿದೆ, ಮತ್ತೆ ಬರುವುದಿಲ್ಲ ಎಂದಿದ್ದರು. ಎದುರಿಗೆ ಕುಳಿತವರ ಮುಖ ಇರುವಲ್ಲಿ ಒಂದು ಬೂದಿ ಬಣ್ಣದ ತೂತು ಕಾಣುತ್ತದೆ ಎನ್ನುತ್ತಿದ್ದರು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೊಡಲು ಹೋದಾಗ ಅವರ ಮನೆಯಲ್ಲಿ ಈರಭದ್ರಪ್ಪನವರು ಕುಳಿತಿದ್ದರು.

"ಸೆರಗು ಇಳಿದ ದಿನ ಕಣ್ಣ ಬಿಟ್ಟುಕೊಡತೀನಿ ಅಂತ ಹೇಳಿಬಿಟ್ಟೆ," ಎಂದರು ಅಕ್ಕೋರು, ನನ್ನ ಕಿವಿಯ ಕಡೆ ನೋಡುತ್ತ. "ಹದಿನೇಳು ದಿನ ಐತಿ. ದಾಕ್ಷಾಯಣಿ, ನೀ ಈ ಸಲ ಸೆರಗು ಬರಿತೀ ಅಲ್ಲೇನ? ನಾಕು ವರ್ಷಾತು, ಏನಾರೆ ಒಂದು ನೆವಾ ಹೇಳಾಕತ್ತಿ."

"ಊರಾಗ ಉಳಿದ ಕಣ್ಣ ಅಂದ್ರ ಅಕಿದೊಂದ," ಎಂದರು ಈರಭದ್ರಪ್ಪ. "ಉಳಿದವರು ಏಣಿ ಏರಿ ನಿದ್ದಿ ಮಾಡ್ತಾರ."

ಬರೆಯುತ್ತೇನೆ ಎಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕುಳಿತೆ.

ನಾಲ್ಕು ವರ್ಷದ ಹಿಂದೆ ಅಕ್ಕೋರಿಗೆ ವಿಪರೀತ ಜ್ವರ ಬಂದಿತ್ತು. ಹೊದಿಸಲು ಇನ್ನೊಂದು ಕೌದಿ ಬೇಕೆಂದು ನಾನು ಅವರ ಟ್ರಂಕು ತೆಗೆದೆ. ಕೌದಿಯ ಮಡಿಕೆಯಲ್ಲಿ ಆ ಬಟ್ಟೆಯ ಚೀಲ ಇತ್ತು. ಹುಳ ಹೊಡೆದು ತಳ ಹರಿದಿತ್ತು. ಎತ್ತಿದ ಕೂಡಲೇ ಹಾಳೆ ಜಾರಿ, ಬರೆದ ಮುಖ ಮೇಲಾಗಿ ನೆಲಕ್ಕೆ ಬಿತ್ತು. ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಒಂದು ಉಸಿರಿನಷ್ಟು ಹೊತ್ತು ನಾನು ಮುಚ್ಚಿಕೊಳ್ಳಲಿಲ್ಲ. ಪೂರ್ವದ ಎಳೆಯ ಬುಡದಿಂದ ಹೊರಟ ಒಂದು ಗೆರೆ ಕೆಳಗೆ ಇಳಿದು ಕಡಿದುಹೋಗಿತ್ತು. ಎರಡು ಬೆರಳಿನಷ್ಟು ಜಾಗ ಖಾಲಿ. ಆಮೇಲೆ ಅದರ ನೇರಕ್ಕಲ್ಲ, ಒಂದಿಷ್ಟು ಎಡಕ್ಕೆ ಸರಿದು ಮತ್ತೆ ಹುಟ್ಟಿ, ಹಾಳೆಯ ಕೆಳ ಅಂಚಿನವರೆಗೆ ಹೋಗಿತ್ತು. ನಾನು ಹಾಳೆಯನ್ನು ಚೀಲಕ್ಕೆ ಸೇರಿಸಿ, ಹರಿದಲ್ಲಿ ಹೊಲಿದು, ಇದ್ದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ. ಪ್ರತಿ ವರ್ಷ ಸೆರಗಿನ ದಿನಗಳಲ್ಲಿ ತಲೆನೋವು ಎಂದೋ ಪರೀಕ್ಷೆಯ ಕೆಲಸ ಎಂದೋ ತಪ್ಪಿಸಿಕೊಂಡೆ. ಬೇರೆ ಯಾರಾದರೂ ಕಾಣಲಿ ಎಂದು ಕಾದೆ.

ಮೊದಲ ದಿನ ಏಣಿ ಏರಿದೆ. ಕೆಳಗೆ ದಸ್ತಗೀರ ಮಾವ ಏಣಿಯ ಕಾಲಿಗೆ ತನ್ನ ಭುಜ ಕೊಟ್ಟು ನಿಂತಿದ್ದ.

"ನಿಧಾನ ತಂಗಿ. ಹತ್ತನೇ ಮೆಟ್ಟಲಾ ಕಿರ್ ಅಂತೈತಿ, ಅಂಜಬ್ಯಾಡ. ಅದು ನಮ್ಮಾಕಿ ಇದ್ದಂಗ, ಒದರತೈತಿ, ಬೀಳಸೂದಿಲ್ಲ."

ಗಾಜಿಗೆ ಕಣ್ಣಿಟ್ಟೆ. ಯಾವಾಗಲೂ ಮೊದಲು ಏನೂ ಇರುವುದಿಲ್ಲ. ಆಮೇಲೆ ಕಪ್ಪು ಎಲ್ಲ ಕಡೆ ಒಂದೇ ಕಪ್ಪಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ, ಇನ್ನು ಇಳಿಯೋಣ ಎಂದುಕೊಳ್ಳುವಷ್ಟರಲ್ಲಿ, ಎಳೆ ಬರುತ್ತದೆ. ಬರುತ್ತದೆ ಎಂಬುದು ಸರಿಯಾದ ಮಾತಲ್ಲ. ಅದು ಅಲ್ಲೇ ಇತ್ತು, ಅದಕ್ಕೆ ನನ್ನ ಅವಸರವಿರಲಿಲ್ಲ. ಪೂರ್ವದ ಎಳೆ ಒಂದಲ್ಲ, ಹತ್ತಾರು ಎಳೆಗಳು ಹುರಿಗೊಂಡದ್ದು. ಒಂದರ ಹಿಂದೆ ಒಂದು ಸರಿದು, ಬಿಚ್ಚಿ, ಮತ್ತೆ ಕೂಡಿ, ತುದಿಯಲ್ಲಿ ಕೊಕ್ಕೆಯಾಗಿ ಬಾಗಿ ನಿಂತಿತ್ತು. ಅದಕ್ಕೆ ಬಣ್ಣವಿಲ್ಲ. ತಣ್ಣನೆಯ ಗಾಜಿನ ಮೇಲೆ ಯಾರೋ ಉಸಿರು ಬಿಟ್ಟದ್ದು ಇನ್ನೂ ಆರಿಲ್ಲ ಎನ್ನುವ ಹಾಗಿತ್ತು. ಅಷ್ಟು ಹಳೆಯದು, ಅಷ್ಟು ದೊಡ್ಡದು, ನನ್ನ ಕಣ್ಣಿನ ಅಂಚಿನಲ್ಲಿ, ರೆಪ್ಪೆ ಬಡಿದರೆ ಹೋಗುವಂತೆ.

ಅದರ ಬುಡಕ್ಕೆ ಬಂದೆ. ಮೂರನೆಯ ಎಳೆ ಕೂಡಲೇ ಕಂಡಿತು. ಇಳಿಯಿತು, ಕಡಿಯಿತು, ಎಡಕ್ಕೆ ಸರಿದು ಮತ್ತೆ ಹುಟ್ಟಿತು. ಹಾಳೆಯಲ್ಲಿದ್ದಂತೆಯೇ.

ನನಗೆ ಸಂತೋಷವಾಗಲಿಲ್ಲ. ಇಷ್ಟು ಮಂದವಾದದ್ದು ಅಷ್ಟು ಬೇಗ ಯಾರಿಗೂ ಕಾಣುವುದಿಲ್ಲ. ನಾನು ನೋಡುತ್ತಿರುವುದು ಆಕಾಶವನ್ನೋ ಅಕ್ಕೋರ ಟ್ರಂಕಿನ ಮುಂದೆ ನೆಲಕ್ಕೆ ಬಿದ್ದ ಹಾಳೆಯನ್ನೋ ತಿಳಿಯಲಿಲ್ಲ. ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನೊಳಗೂ ಅದು ಹಾಗೆಯೇ ಇತ್ತು. ಕೆಳಗಿಳಿದು ಎರಡು ಹಳೆಯ ಎಳೆಗಳನ್ನಷ್ಟೇ ಬರೆದುಕೊಟ್ಟೆ. ಏಳು ದಿನ ಹೀಗೇ ಆಯಿತು. ಪ್ರತಿ ದಿನ ಅಕ್ಕೋರು ಕುರ್ಚಿಯಲ್ಲಿ ಕುಳಿತು ನನ್ನ ಪೆನ್ಸಿಲ್ಲಿನ ಸದ್ದು ಕೇಳುತ್ತಿದ್ದರು. ಕೇಳಿ, "ಇರಲಿ, ನಾಳೆ ನೋಡೂಣು," ಎನ್ನುತ್ತಿದ್ದರು. ಒಂದೇ ಒಂದು ಗೆರೆ ಎಳೆದರೆ ಮುವ್ವತ್ತೊಂದು ವರ್ಷದ ಕಾಯುವಿಕೆ ಮುಗಿಯುತ್ತಿತ್ತು. ಅದು ನಿಜವೂ ಆಗಿರಬಹುದಿತ್ತು. ಆ ಯೋಚನೆ ಬಂದಾಗಲೆಲ್ಲ ಮಳೆಗಾಲದ ಗೋಡೆಯಲ್ಲಿ ಕಾಣುವ ಆ ಗೊರಸು ನೆನಪಾಗುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಅಕ್ಕೋರ ಮನೆಗೆ ಹೋದೆ. ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ಎಷ್ಟೊತ್ತು ನೋಡಿದಿ?"

"ಒಂದು ಉಸಿರಿನಷ್ಟು ಹೊತ್ತು, ಅಕ್ಕೋರ."

ಅವರು ಬೆರಳಿನ ಅಂಟನ್ನು ಮೊರದ ಅಂಚಿಗೆ ಒರೆಸಿದರು. ಆಮೇಲೆ ಕೇಳಿದರು. "ಚಂದ ಇತ್ತೇನ?"

ನಾನು ಅವರ ಎದುರಿಗೆ ಕುಳಿತೆ.

"ಬರದ ಮ್ಯಾಲೆ ನಾ ನೋಡಿಲ್ಲ. ಹೆಂಗಿತ್ತಂತ ಮನಸಿನ್ಯಾಗ ಈಗ ಸರಿಯಾಗಿ ಉಳದಿಲ್ಲ. ಹೇಳಬ್ಯಾಡ. ಚಂದ ಇತ್ತೋ ಇಲ್ಲೋ, ಅಷ್ಟ ಹೇಳು."

"ಇತ್ತರಿ."

"ಹೂಂ," ಎಂದರು. ಒಂದು ಬೀಜ ಬಿಡಿಸಿ ಬೇರೆ ಇಟ್ಟರು. "ನಾಕು ವರ್ಷ. ಮೊದಲನೇ ವರ್ಷನ ಹೇಳಿದ್ದರ ಇನ್ನೊಬ್ಬರನ್ನ ತಯಾರ ಮಾಡತಿದ್ದೆ, ದಾಕ್ಷಾಯಣಿ. ನನ್ನ ಕಣ್ಣ ಆಗ ಇತ್ತು." ಅವರು ಧ್ವನಿ ಏರಿಸಲಿಲ್ಲ. "ಈಗ ಹೋಗು. ನಾಳಿನೂ ಬರಬ್ಯಾಡ."

ಚಾವಡಿಗೆ ಹೋಗಿ ಈರಭದ್ರಪ್ಪನವರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮೂರನೆಯ ಎಳೆಯನ್ನು ನಾನು ಇನ್ನು ಬರೆಯುವ ಹಾಗಿಲ್ಲ ಎಂದರು. ನನಗೆ ಗೊತ್ತಿದ್ದದ್ದೇ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮಹಾಲಿಂಗನ ಅಂಗಡಿಯ ಮುಂದೆ ಹೋಗುವಾಗ ಒಳಗಿನಿಂದ ಮಾತು ಕೇಳಿಸಿತು. "ಪರೀಕ್ಷಾದಾಗ ಹುಡುಗ್ಯಾರ ಚೀಟಿ ಹಿಡಿಯೂ ಅಕ್ಕೋರನ ಮೊದಲ ಪೇಪರ್ ನೋಡಿಕೊಂಡ ಬಂದಾರಂತ." ಯಾರೋ ನಕ್ಕರು. ನಾನು ಗೋಡೆಯ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು, ಹಗಲಿನಲ್ಲೇ, ಮನೆಗೆ ಬಂದೆ.

ಮೂರು ಕತ್ತಲು ಮನೆಯಲ್ಲೇ ಕಳೆದೆ. ಹತ್ತನೆಯ ದಿನ ಸಂಜೆ ದಸ್ತಗೀರ ಮಾವ ಬಂದು ಕಟ್ಟೆಯ ಮೇಲೆ ಕುಳಿತ.

"ಅಕ್ಕೋರು ಹೇಳಿ ಕಳಿಸ್ಯಾರ. ನಾಳೆ ಬರಬೇಕಂತ. ಆ ಎಳಿ ಬಿಟ್ಟು ಉಳಿದ ಆಕಾಶ ಏನ ಮಾಡಿತ್ತು ನಿನಗ, ಅಂತ ಕೇಳು ಅಂದ್ರು."

"ಸಿಟ್ಟು ಹೋಗೈತೇನ ಮಾವ?"

"ಸಿಟ್ಟು ಎಲ್ಲಿ ಹೋಗತೈತಿ ತಂಗಿ. ಹುಣಸಿಹಣ್ಣ ಎರಡು ಸಲ ಬಿಡಿಸ್ಯಾರ, ಬೀಜ ಇಲ್ಲದ್ದನ್ನೂ. ನೀ ಬಾ."

ಹನ್ನೊಂದನೆಯ ದಿನ ಹೋದೆ. ಅಕ್ಕೋರು ನನ್ನ ಜೊತೆ ಮಾತಾಡಲಿಲ್ಲ, ಎಂದಿನ ಕುರ್ಚಿಯಲ್ಲಿ ಇದ್ದರು. ಏಣಿ ಏರಿ, ಮೂರನೆಯ ಎಳೆಯ ಕಡೆಗೆ ಹೋಗಬಾರದೆಂದು ಕೊಳವಿಯನ್ನು ದಕ್ಷಿಣಕ್ಕೆ, ಅಕ್ಕೋರ ಹಾಳೆ ಮುಗಿದಿದ್ದ ಅಂಚಿನಿಂದಲೂ ಆಚೆಗೆ ತಳ್ಳಿಸಿದೆ. ಅಲ್ಲಿ ಯಾರೂ ನೋಡುವುದಿಲ್ಲ. ನೋಡಲು ಏನೂ ಇಲ್ಲವೆಂದೇ ಎಲ್ಲರ ಎಣಿಕೆ. ನನಗೂ ಏನೂ ಬೇಕಿರಲಿಲ್ಲ. ಬಹುಶಃ ಅದಕ್ಕಾಗಿಯೇ ಅಷ್ಟು ಹೊತ್ತು ಸುಮ್ಮನೆ ನಿಲ್ಲಲು ಆಯಿತು. ನಕ್ಷತ್ರಗಳು ಅಕ್ಕಿನುಚ್ಚಿನ ಹಾಗೆ ಚೆಲ್ಲಿದ್ದವು. ಒಂದು ಕಿತ್ತಳೆ ಬಣ್ಣದ ಚುಕ್ಕಿಯನ್ನು ನೋಡುತ್ತ ಕೊಳವಿಯನ್ನು ತಟ್ಟಿದೆ.

ಚುಕ್ಕಿಯ ಈಚೆಗೆ ಏನೋ ಅಲುಗಿತು.

ಉಸಿರು ಬಿಗಿಹಿಡಿದರೆ ಕಣ್ಣು ಮಂಜಾಗುತ್ತದೆ ಎಂದು ಅಕ್ಕೋರು ಕಲಿಸಿದ್ದರು. ಆದ್ದರಿಂದ ಉಸಿರಾಡಿದೆ. ಹತ್ತು ಸಲ, ಇಪ್ಪತ್ತು ಸಲ. ಒಂದು ಎಳೆ. ಮೇಲಿನಿಂದ, ನಾನು ನೋಡಬಾರದ ಕಡೆಯಿಂದ ಬಂದು, ಆ ಚುಕ್ಕಿಯ ಹತ್ತಿರ ಎರಡಾಗಿ ಸೀಳಿತ್ತು. ಒಂದು ಕವಲು ಗಿಡ್ಡ, ಬೇಗ ಕರಗುತ್ತದೆ. ಇನ್ನೊಂದು ಉದ್ದಕ್ಕೆ, ಬಹಳ ಉದ್ದಕ್ಕೆ ಹೋಗಿ, ತಾನು ಎಲ್ಲಿ ಮುಗಿಯಿತೆಂದು ಹೇಳದೆ ಕಪ್ಪಿನೊಳಗೆ ಸೇರುತ್ತದೆ. ಇದು ಯಾವ ಹಾಳೆಯಲ್ಲೂ ಇರಲಿಲ್ಲ. ಯಾರೂ ನನಗೆ ಹೇಳಿರಲಿಲ್ಲ. ನನ್ನ ತಲೆಯೊಳಗಿಂದ ಬಂದದ್ದಾಗಿದ್ದರೆ ನಾನು ಇಷ್ಟು ಸಣ್ಣವಳಾಗುತ್ತಿರಲಿಲ್ಲ. ಏಣಿಯ ಮೇಲೆ ನಿಂತವಳು ಯಾರು, ಅವಳ ಹೆಸರೇನು, ಅವಳು ಏನು ತಪ್ಪು ಮಾಡಿದ್ದಳು, ಯಾವುದೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅದು ಸುಮ್ಮನೆ ಇತ್ತು. ನನ್ನ ಕೆನ್ನೆಯ ನೀರು ಗಾಜಿಗೆ ತಾಗೀತೆಂದು ಹಿಂದೆ ಸರಿದೆ.

ಕೆಳಗಿಳಿದು ಬರೆದೆ. ಬರೆಯುವಾಗ ಅಕ್ಕೋರು ತಲೆ ಇತ್ತ ತಿರುಗಿಸಿದರು. ನನ್ನ ಪೆನ್ಸಿಲ್ಲು ಹಳೆಯ ಎಳೆಗಳ ದಾರಿಯಲ್ಲಿಲ್ಲ ಎಂದು ಅವರ ಕಿವಿಗೆ ತಿಳಿದಿತ್ತು. ಹಾಳೆಯನ್ನು ಚೀಲಕ್ಕೆ ಹಾಕಿ ಕಟ್ಟಿದೆ. "ಒಂಟಿ ಹಾಳೆ," ಎಂದೆ. ಹೇಳಬಹುದಾದದ್ದು ಅಷ್ಟೇ.

"ಎತ್ತಾಗ ತಿರಿಗಿಸಿದ್ದಿ ದಸ್ತಗೀರ, ಹಂಗ ಇರಲಿ," ಎಂದರು ಅಕ್ಕೋರು. "ನಾಡಿದ್ದ ನಾ ಏರತೀನಿ."

ದಸ್ತಗೀರ ಮಾವ ಒಪ್ಪಲಿಲ್ಲ. ಈರಭದ್ರಪ್ಪನವರೂ ಚಾವಡಿಯಿಂದ ಬಂದರು. ಕಣ್ಣಿಲ್ಲದವರು ಎರಡನೆಯ ಕಣ್ಣಾಗುವುದು ಹೇಗೆ ಎಂಬುದು ಅವರ ಪ್ರಶ್ನೆ.

"ಕಣ್ಣ ಇನ್ನೂ ಬಿಟ್ಟುಕೊಟ್ಟಿಲ್ಲ, ಆರು ದಿನ ಐತಿ," ಎಂದರು ಅಕ್ಕೋರು. "ಹೋಗಿದ್ದು ನಡು. ಅಂಚು ಹಂಗ ಐತಿ. ಹಬಿ ನೋಡಾಕ ನಡು ಯಾರಿಗೆ ಬೇಕು? ಐವತ್ತು ವರ್ಷ ನಾನ ಎಲ್ಲಾರಿಗೂ ನೆಟ್ಟಗ ನೋಡಬ್ಯಾಡ್ರಿ ಅಂತ ಹೇಳಿ ಹೇಳಿ ಸತ್ತೆ. ಈಗ ನನಗ ನೆಟ್ಟಗ ನೋಡಾಕ ಬರೂದ ಇಲ್ಲ. ನಿಮ್ಮೆಲ್ಲಾರಕಿಂತ ನಾನ ಛಲೋ ಅದೀನಿ."

ಹದಿಮೂರನೆಯ ದಿನ ಅವರು ಏರಿದರು. ಹದಿನಾಲ್ಕು ಮೆಟ್ಟಿಲಿಗೆ ಹತ್ತು ನಿಮಿಷ ಹಿಡಿಯಿತು. ಹಿಂದೆ ನಾನು ಸೊಂಟಕ್ಕೆ ಕೈಕೊಟ್ಟು ಏರಿದೆ, ಕೆಳಗೆ ದಸ್ತಗೀರ ಮಾವ ಏಣಿಗೆ ಎರಡೂ ಭುಜ ಕೊಟ್ಟಿದ್ದ. ಗಾಜಿಗೆ ಕಣ್ಣಿಟ್ಟು ಅವರು ನಿಂತರು. ಅವರ ಸೀರೆಯ ನೂಲಿನ ವಾಸನೆ, ಅಂಗೈಯ ಕೆಳಗೆ ಅವರ ಉಸಿರು, ಇಷ್ಟೇ ನನಗೆ ಗೊತ್ತಿದ್ದದ್ದು. ಅರ್ಧ ಗಂಟೆಯ ಮೇಲೆ ಆ ಉಸಿರು ಒಂದು ಸಲ ನಿಂತು, ಮತ್ತೆ ಶುರುವಾಯಿತು. ಇಳಿಯುವಾಗ ನನ್ನ ಮಣಿಕಟ್ಟನ್ನು ಹಿಡಿದವರು ನೆಲ ಮುಟ್ಟಿದ ಮೇಲೂ ಬಿಡಲಿಲ್ಲ.

ಹಾಳೆಯ ಮೇಲಿನ ಚುಕ್ಕಿಗಳನ್ನು ಕಾಣಲು ಅವರು ಮುಖವನ್ನು ಪೂರ್ತಿ ಬಲಕ್ಕೆ ತಿರುಗಿಸಿಕೊಂಡು ಕುಳಿತರು, ಹಾಳೆಯ ಜೊತೆ ಮುನಿಸಿಕೊಂಡವರಂತೆ. ಹಾಗೆ ಕುಳಿತೇ ಬರೆದರು. ಕತ್ತಲು ಕರಗಿದ ಮೇಲೆ ಈರಭದ್ರಪ್ಪನವರು ಎರಡು ಹಾಳೆಗಳನ್ನು ಕಿಟಕಿಗೆ ಹಿಡಿದರು. ಗಿಡ್ಡ ಕವಲು ಗಿಡ್ಡ ಕವಲಿನ ಮೇಲೆ ಕುಳಿತಿತ್ತು. ಉದ್ದನೆಯದು ಅಕ್ಕೋರ ಹಾಳೆಯಲ್ಲಿ ನನ್ನದಕ್ಕಿಂತ ಒಂದು ಬೆರಳು ಮುಂದೆ ಹೋಗಿತ್ತು.

ಮರುದಿನ ಗೋಡೆಗೆ ಸುಣ್ಣ ಹಚ್ಚಲು ಈರಭದ್ರಪ್ಪನವರು ಏಣಿ ಹಾಕಿದರು. ಕವಲುಗಳನ್ನು ಬರೆದು, ಕುಂಚ ಎತ್ತಿ ಹಿಡಿದು, ಹಿಂದೆ ತಿರುಗಿದರು. "ಮ್ಯಾಲೆ ಪೂರ್ವದ ಎಳಿ, ಕೆಳಗ ಈ ಕವಲು. ನಡುವ ಏನೂ ಇಲ್ಲ. ನೋಡಿದವರು ಏನ ಅಂತಾರ?"

"ಖಾಲಿ ಬಿಡಪಾ," ಎಂದರು ಅಕ್ಕೋರು. "ಅಲ್ಲೇನೈತಿ ಅಂತ ಹೇಳೂ ಹಕ್ಕ ಇನ್ನೂ ಯಾರಿಗೂ ಬಂದಿಲ್ಲ." ಆಮೇಲೆ ನನ್ನ ಕಡೆಗೆ, ನನ್ನ ಕಿವಿಯ ಕಡೆಗೆ, ತಿರುಗಿದರು. "ನಡಿ, ಊಟಾ ಮಾಡು. ವಸ್ತ್ರ ಕಟ್ಟೂ ಹೊತ್ತಾತು."

ಆ ಖಾಲಿ ಜಾಗ ಊರನ್ನು ಸುಮ್ಮನಿರಲು ಬಿಡಲಿಲ್ಲ. ಗೋಡೆಯ ಮುಂದೆ ನಿಂತವರ ಬೆರಳು ತಾನಾಗಿ ಮೇಲಿನ ಎಳೆಯಿಂದ ಕೆಳಗಿನ ಕವಲಿಗೆ ನೆಟ್ಟಗೆ ಇಳಿಯುತ್ತಿತ್ತು. ಕೊಳವಿಯ ಹತ್ತಿರ ಸರದಿ ಶಾಲೆಯ ಬಾಗಿಲಿನವರೆಗೆ ಬೆಳೆಯಿತು. ಮಹಾಲಿಂಗನೂ ಬಂದ, ಬಸ್ಸಿನ ಕಂಡಕ್ಟರನೂ ಬಂದ. ಮೂರು ದಿನಗಳಲ್ಲಿ ಹದಿನಾರು ಹಾಳೆಗಳು. ಎಲ್ಲದರಲ್ಲೂ ಮೇಲಿನಿಂದ ಕೆಳಕ್ಕೆ ಒಂದು ನೆಟ್ಟನೆಯ ಗೆರೆ. ಈರಭದ್ರಪ್ಪನವರು ಒಂದೊಂದನ್ನೂ ಅಕ್ಕೋರ ಹಳೆಯ ಹಾಳೆಯ ಮೇಲಿಟ್ಟು ಕಿಟಕಿಗೆ ಹಿಡಿದು, ಕೂಡಲಿಲ್ಲವೆಂದು ಕೆಳಗಿಟ್ಟರು. ನಾವು ತಪ್ಪು ಮಾಡಿದೆವೇನೋ ಎಂದು ನನಗೆ ಹೆದರಿಕೆಯಾಯಿತು. ಮತ್ತೊಂದು ಕುದುರೆಯನ್ನು ನಾವೇ ಗೋಡೆಗೆ ತಂದೆವೇನೋ.

ಹದಿನೇಳನೆಯ ದಿನ ಕತ್ತಲು ಅರ್ಧ ಮುಗಿದಾಗ ಸರದಿ ತೆಳುವಾಯಿತು. ಅಕ್ಕೋರ ತೊಡೆಯ ಮೇಲೆ ಆ ಬಟ್ಟೆಯ ಚೀಲ ಇತ್ತು. ಸಂಜೆ ಒಲೆಗೆ ಹಾಕಲು ತಾವೇ ತಂದಿದ್ದರು. ಆಗ ಬಸ್‌ಸ್ಟ್ಯಾಂಡಿನ ಹತ್ತಿರ ರೊಟ್ಟಿ ಮಾಡಿ ಮಾರುವ ಕಲ್ಲವ್ವ ಬಂದಳು. ಆಕೆ ಮೂರು ದಿನದಿಂದ ತೊಂಬತ್ತರಂತೆ ರೊಟ್ಟಿ ಬಡಿದಿದ್ದಳಂತೆ, ಸರದಿಗೆ ಬಂದವರಿಗೆಲ್ಲ ಹಸಿವು. ಚಾವಡಿಯ ಕಡೆ ಹೋಗಿ ಗೋಡೆ ನೋಡಲು ಪುರುಸೊತ್ತೇ ಆಗಿರಲಿಲ್ಲ.

"ನೆಟ್ಟಗ ನೋಡಬ್ಯಾಡ್ರಿ," ಎಂದೆ. "ಒಂದು ಚುಕ್ಕಿ ಹಿಡಕೊಂಡು ಬಾಜೂಕ ನೋಡ್ರಿ."

"ಅದೇನ ಹೊಸಾದ ಹೇಳ್ತೀರಿ ಅಕ್ಕೋರ," ಎಂದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ. "ಕೈಯಾಗ ಒಂದು ರೊಟ್ಟಿ ಬಡಿಯೂ ಮುಂದ ಹಂಚಿನ ಮ್ಯಾಗಿಂದು ಬೆಂತೋ ಇಲ್ಲೋ ಬಾಜೂದಲೇ ನೋಡೂದ. ನೆಟ್ಟಗ ನೋಡಕೋತ ಕುಂತರ ಎರಡೂ ಹೋಗತಾವ."

ಏರಿದಳು. ಹತ್ತನೆಯ ಮೆಟ್ಟಿಲು ಕಿರ್ ಎಂದಿತು. ಕಾಲು ಗಂಟೆ ಕಳೆಯಿತು. ಕೆಮ್ಮಲಿಲ್ಲ, ಕಾಣವಲ್ದು ಎನ್ನಲಿಲ್ಲ. ಇಳಿದು ಬಂದು ಕೈ ಚಾಚಿದಳು. "ಹಾಳಿ ಕೊಡ್ರಿ," ಎಂದಳು. ಅವಳ ಧ್ವನಿ ಏರುವಾಗಿನದಾಗಿರಲಿಲ್ಲ.

ನಾನು ಹಾಳೆ ಕೊಟ್ಟು ಮುಖ ಆಚೆ ತಿರುಗಿಸಿದೆ. ಅವಳ ಕೈ ಹೋಗುವುದನ್ನು ನೋಡುವ ಹಕ್ಕು ನನಗಿರಲಿಲ್ಲ. ಕತ್ತಲಿನಲ್ಲಿ ಪೆನ್ಸಿಲ್ಲಿನ ಸದ್ದು ಮಾತ್ರ ಇತ್ತು. ಪೆನ್ಸಿಲ್ಲು ಹಿಡಿದು ರೂಢಿ ಇಲ್ಲದ ಕೈ, ಒತ್ತಿ ಎಳೆಯುತ್ತಿತ್ತು. ಗೆರೆ ಹೊರಟಿತು, ಇಳಿಯಿತು, ಇಳಿಯುತ್ತಲೇ ಹೋಯಿತು. ಆಮೇಲೆ ನಿಂತಿತು. ಪೆನ್ಸಿಲ್ಲು ಹಾಳೆಯಿಂದ ಮೇಲೆದ್ದಿತು. ಎರಡು ಬೆರಳಿನಷ್ಟು ಮೌನ. ನಾನು ಪಕ್ಕಕ್ಕೆ ಕೈ ಚಾಚಿದೆ, ಅಕ್ಕೋರ ಕೈ ಆಗಲೇ ಅಲ್ಲಿತ್ತು. ಮತ್ತೆ ಪೆನ್ಸಿಲ್ಲು ಹಾಳೆಯನ್ನು ಮುಟ್ಟಿದ ಸದ್ದು ಬಂತು, ಮೊದಲಿನ ಜಾಗದಿಂದಲ್ಲ, ಒಂದಿಷ್ಟು ಎಡದಿಂದ.